ಗೀಜು, ಗೊಣ್ಣೆ, ಗುಗ್ಗೆ: ಆಡುಮಾತು ಕಲಿಸಿದ ಒಂದು ವೆಬ್ ಸರಣಿ

2011ರಲ್ಲಿ ಚೀನಾದ ಯೋಕು ಎಂಬ ವಿಡಿಯೊ ತಾಣದಲ್ಲಿ ಒಂದು ಪುಟ್ಟ ಪಾಠ ಎಲ್ಲೆಲ್ಲೂ ಹರಿದಾಡಿತು. ಇಪ್ಪತ್ತರ ಹರೆಯದ ಅಮೆರಿಕನ್ ಹುಡುಗಿಯೊಬ್ಬಳು ಕ್ಯಾಮೆರಾ ಮುಂದೆ ಪಟಪಟನೆ ಚೀನಿ ಮಾತಾಡುತ್ತಾಳೆ. ಬೆಳಿಗ್ಗೆ ಎದ್ದಾಗ ಕಣ್ಣಂಚಿನಲ್ಲಿ ಕೂತಿರುವ ಗೀಜಿಗೆ ಅಮೆರಿಕದಲ್ಲಿ ಏನಂತಾರೆ, ಮೂಗಿನ ಗೊಣ್ಣೆಗೆ ಏನಂತಾರೆ, ಕಿವಿಯ ಗುಗ್ಗೆಗೆ ಏನಂತಾರೆ ಅನ್ನುವುದೇ ಪಾಠ. ಅದಕ್ಕೆ ಇಟ್ಟ ಹೆಸರು ‘ಯಕ್ಕಿ ಗಂಕ್’, ಅಂದರೆ ಅಸಹ್ಯ ಹುಟ್ಟಿಸುವ ಅಂಟುಕೊಳೆ. ಹತ್ತು ಲಕ್ಷಕ್ಕೂ ಹೆಚ್ಚು ಸಲ ಅದನ್ನು ಜನ ನೋಡಿದರು.

ಹುಡುಗಿಯ ಹೆಸರು ಜೆಸ್ಸಿಕಾ ಬೈನೆಕಿ. ಚೀನಿಯರು ಅವಳನ್ನು ಬಾಯ್ ಜಿಯೆ ಎಂಬ ಚೀನಿ ಹೆಸರಿನಿಂದ ಕರೆದರು. ಸರಣಿಯ ಹೆಸರು ‘ಓಎಂಜಿ ಮೇಯ್‌ಯು’. ಮೇಯ್‌ಯು ಅಂದರೆ ಅಮೆರಿಕದ ಇಂಗ್ಲಿಷ್. ಇದನ್ನು ಹೊರತಂದದ್ದು ವಾಯ್ಸ್ ಆಫ್ ಅಮೆರಿಕ, ಅಂದರೆ ಅಮೆರಿಕ ಸರ್ಕಾರದ ಹಣದಲ್ಲಿ ನಡೆಯುವ ಪ್ರಸಾರ ಸಂಸ್ಥೆ. ಸರ್ಕಾರಿ ದುಡ್ಡಿನಲ್ಲಿ ಗೊಣ್ಣೆಯ ಪಾಠ! ಇವತ್ತಿನ ಮಾತಿಗೆ ನಾನು ಈ ಸರಣಿಯನ್ನೇ ಆರಿಸಿಕೊಂಡೆ, ಏಕೆಂದರೆ ಹೊರಗಿನವರು ಇನ್ನೊಂದು ಜನರ ಬೀದಿಮಾತು ಕಲಿಯುವಾಗ ನಗು ಹುಟ್ಟುವುದು ಹೇಗೆ, ಆ ನಗುವಿನ ಒಳಗೆ ಏನು ನಡೆಯುತ್ತದೆ ಅನ್ನುವುದನ್ನು ಇದು ಬಿಚ್ಚಿ ತೋರಿಸುತ್ತದೆ.

ಮೊದಲು ಇದರ ಹಿಂದಿನ ಕಾಲವನ್ನು ನೋಡಬೇಕು. ಇದೇ ವಾಯ್ಸ್ ಆಫ್ ಅಮೆರಿಕ 1959ರಲ್ಲಿ ‘ಸ್ಪೆಷಲ್ ಇಂಗ್ಲಿಷ್’ ಎಂಬ ಪ್ರಸಾರ ಶುರುಮಾಡಿತ್ತು. ಸುಮಾರು 1,500 ಪದಗಳ ಒಳಗೇ ಸುದ್ದಿ ಹೇಳಬೇಕು, ಮಾಮೂಲಿಗಿಂತ ನಿಧಾನವಾಗಿ ಓದಬೇಕು ಎಂಬುದು ಅದರ ನಿಯಮ. ಚೀನಾದಲ್ಲಿ ಶಾರ್ಟ್‌ವೇವ್ ರೇಡಿಯೊಗೆ ಕಿವಿಯಿಟ್ಟು ಆ ಪ್ರಸಾರದಿಂದ ಇಂಗ್ಲಿಷ್ ಕಲಿತ ತಲೆಮಾರೇ ಇದೆ. 1982ರಲ್ಲಿ ಬಿಬಿಸಿಯ ‘ಫಾಲೋ ಮಿ’ ಚೀನಾದ ಸರ್ಕಾರಿ ಟೀವಿಗೆ ಬಂತು. ಟೀವಿ ಇದ್ದ ಮನೆಗಳೇ ಕಡಿಮೆಯಿದ್ದ ಕಾಲದಲ್ಲಿ ಅದನ್ನು ಕೋಟಿಗಟ್ಟಲೆ ಜನ ನೋಡಿದರು. ಆಮೇಲೆ 1990ರ ದಶಕದ ಶಾಲಾ ಪಠ್ಯಗಳಲ್ಲಿ ಲೀ ಲೇಯ್ ಎಂಬ ಹುಡುಗ, ಹಾನ್ ಮೇಯ್‌ಮೇಯ್ ಎಂಬ ಹುಡುಗಿ ಬಂದರು. ಇವರಿಬ್ಬರೂ ಪಾಠದಿಂದ ಪಾಠಕ್ಕೆ ‘ಹೌ ಆರ್ ಯು’ ಎಂದು ಕೇಳುತ್ತ, ‘ಫೈನ್, ಥ್ಯಾಂಕ್ ಯು, ಆ್ಯಂಡ್ ಯು?’ ಎಂದು ಉತ್ತರಿಸುತ್ತ ಒಂದು ಇಡೀ ಪೀಳಿಗೆಯ ಬಾಲ್ಯದಲ್ಲಿ ಬೆರೆತುಹೋದರು. ಚೀನಿಯರನ್ನು ಯಾರಾದರೂ ಇಂಗ್ಲಿಷಿನಲ್ಲಿ ಹೇಗಿದ್ದೀರಿ ಎಂದು ಕೇಳಿದರೆ ಬಾಯಿ ತಾನಾಗಿ ಈ ಒಂದೇ ಉತ್ತರವನ್ನು ಒಪ್ಪಿಸಿಬಿಡುತ್ತದೆ ಎಂದು ಅವರೇ ಇಂಟರ್‌ನೆಟ್ಟಿನಲ್ಲಿ ತಮಾಷೆ ಮಾಡಿಕೊಳ್ಳುತ್ತಾರೆ. ಜ್ವರ ಬಂದು ಮಲಗಿದ್ದರೂ ‘ಫೈನ್, ಥ್ಯಾಂಕ್ ಯು’. ಇಲ್ಲಿ ಕುಳಿತಿರುವ ನಮ್ಮಲ್ಲೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಈ ಬಾಯಿಪಾಠದ ರುಚಿ ಗೊತ್ತೇ ಇದೆ.

ಈ ಎಲ್ಲ ಪಾಠಗಳೂ ಒಳ್ಳೆಯವೇ. ಅವನ್ನು ಹಗುರ ಮಾಡುವುದು ನನ್ನ ಉದ್ದೇಶವಲ್ಲ. ಆದರೆ ಅವುಗಳಲ್ಲಿ ಕಲಿಸುವವರು ತಪ್ಪುವುದಿಲ್ಲ. ಅವರ ಕೂದಲು ಕೆದರಿರುವುದಿಲ್ಲ, ಮೂಗು ಸೋರುವುದಿಲ್ಲ. ಕಲಿಯುವವನು ಸದಾ ಕೆಳಗಿನ ಮೆಟ್ಟಿಲಲ್ಲಿ ನಿಂತು ಮೇಲೆ ನೋಡುತ್ತಿರುತ್ತಾನೆ.

ಬೈನೆಕಿಯ ಪಾಠದಲ್ಲಿ ಆ ಮೆಟ್ಟಿಲೇ ಇಲ್ಲ. ಕಾರಣ ಬಹಳ ಸರಳ, ಆದರೆ ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅವಳು ಇಂಗ್ಲಿಷ್ ಕಲಿಸುತ್ತಿದ್ದದ್ದು ಚೀನಿ ಭಾಷೆಯಲ್ಲಿ. ಅಂದರೆ ಆ ಎರಡು ನಿಮಿಷಗಳ ಉದ್ದಕ್ಕೂ ಅವಳು ಒಂದು ಭಾಷೆಗೆ ಒಡತಿ, ಇನ್ನೊಂದು ಭಾಷೆಗೆ ಹೊರಗಿನವಳು. ನೋಡುವ ಚೀನಿ ಹುಡುಗನೂ ಹಾಗೆಯೇ. ಅವನು ಅವಳಿಂದ ‘ಯಕ್ಕಿ’ ಕಲಿಯುತ್ತಾನೆ. ಅದೇ ಹೊತ್ತಿಗೆ ಅವಳ ಚೀನಿ ಉಚ್ಚಾರದ ಏರಿಳಿತಗಳನ್ನು ತೂಗಿ ನೋಡುತ್ತಾನೆ. ‘ಅರೆ, ಇದನ್ನು ನಮ್ಮೂರಿನವಳ ಹಾಗೇ ಹೇಳಿದಳಲ್ಲ’ ಎಂದು ಬೆರಗಾಗುತ್ತಾನೆ, ಎಲ್ಲಾದರೂ ಸ್ವರ ಜಾರಿದರೆ ನಗುತ್ತಾನೆ. ಇಬ್ಬರೂ ಗುರು, ಇಬ್ಬರೂ ಶಿಷ್ಯರು. ಯಾರ ತಪ್ಪು ಯಾರಿಗೂ ಭಾರವಲ್ಲ. ಈ ಸರಣಿಯ ಹಾಸ್ಯ ನಿಂತಿರುವುದೇ ಈ ಸರಿಸಮತೆಯ ಮೇಲೆ ಎಂಬುದು ನನ್ನ ನಂಬಿಕೆ. ಮುಖ ಹಿಂಡುವುದು, ಕಣ್ಣರಳಿಸುವುದು, ಒಂದೇ ಪದವನ್ನು ಹತ್ತು ರಾಗದಲ್ಲಿ ಎಳೆಯುವುದು, ಇವೆಲ್ಲ ಮೇಲಿನ ಒಗ್ಗರಣೆ.

ವಿಷಯದ ಆಯ್ಕೆಯೂ ನೋಡಿ. ಗೊಣ್ಣೆ ಎಲ್ಲರಿಗೂ ಬರುತ್ತದೆ. ಅದಕ್ಕೊಂದು ಪದ ಎಲ್ಲ ಭಾಷೆಯಲ್ಲೂ ಇದೆ, ಆದರೆ ಆ ಪದ ಪಠ್ಯಪುಸ್ತಕಕ್ಕೆ ಹತ್ತುವುದಿಲ್ಲ. ಹತ್ತು ವರ್ಷ ಇಂಗ್ಲಿಷ್ ಓದಿ, ವ್ಯಾಕರಣದಲ್ಲಿ ನೂರಕ್ಕೆ ತೊಂಬತ್ತು ತೆಗೆದ ಹುಡುಗಿ ಅಮೆರಿಕದ ಹಾಸ್ಟೆಲ್ಲಿಗೆ ಹೋಗಿ, ಬೆಳಿಗ್ಗೆ ರೂಮ್‌ಮೇಟ್‌ಗೆ ‘ನಿನ್ನ ಕಣ್ಣಲ್ಲಿ ಗೀಜಿದೆ, ಒರೆಸಿಕೋ’ ಎಂದು ಹೇಳಲಾಗದೆ ನಿಲ್ಲುತ್ತಾಳೆ. ಅವಳಿಗೆ ಗೊತ್ತಿಲ್ಲದ್ದು ಒಂದು ಪದ, ನಿಜ. ಅದಕ್ಕಿಂತ ಹೆಚ್ಚಾಗಿ ಗೆಳತಿಯಾಗಿ ಆಡುವ ಮಾತಿನ ಧಾಟಿಯೇ ಅವಳಿಗೆ ಸಿಕ್ಕಿರಲಿಲ್ಲ. ಪಠ್ಯದ ಇಂಗ್ಲಿಷಿನಲ್ಲಿ ಅಧಿಕಾರಿಯ ಜೊತೆ ಮಾತಾಡಬಹುದು, ವೀಸಾ ಸಂದರ್ಶನ ಮುಗಿಸಬಹುದು, ಅರ್ಜಿ ಬರೆಯಬಹುದು. ಜಗಳ ಆಡುವುದು, ಛೇಡಿಸುವುದು, ಮುನಿಸಿಕೊಳ್ಳುವುದು ಆಗುವುದಿಲ್ಲ. ಆ ಜಾಗಕ್ಕೆ ಕರೆದುಕೊಂಡು ಹೋಗುವುದು ಆಡುಮಾತು. ವೇಯ್ಬೋ ಎಂಬ ಚೀನಾದ ಸಾಮಾಜಿಕ ತಾಣದಲ್ಲಿ ನೋಡುಗರು ಬೈನೆಕಿಗೆ ‘ಇದಕ್ಕೆ ಏನಂತೀರಿ, ಅದಕ್ಕೆ ಏನಂತೀರಿ’ ಎಂದು ಕೇಳುತ್ತ ಹೋದದ್ದು, ಅವಳು ಆ ಪ್ರಶ್ನೆಗಳಿಂದಲೇ ಪಾಠ ಹೆಣೆದದ್ದು ಈ ಹಸಿವಿನಿಂದ.

ಒಂದು ಅಡ್ಡಮಾತು. ಸರಣಿಯ ಹೆಸರಿನಲ್ಲಿರುವ ‘ಓಎಂಜಿ’ ಇದೆಯಲ್ಲ, ‘ಅಯ್ಯೋ ದೇವರೇ’ ಎಂಬುದರ ಮೂರಕ್ಷರದ ರೂಪ, ಅದು ಮೊಬೈಲ್ ಹುಡುಗರ ಸೃಷ್ಟಿ ಎಂದೇ ನಾವೆಲ್ಲ ತಿಳಿದಿರುತ್ತೇವೆ. ಆಕ್ಸ್‌ಫರ್ಡ್ ನಿಘಂಟು ಅದನ್ನು ಒಳಗೆ ಬಿಟ್ಟುಕೊಂಡದ್ದೂ 2011ರಲ್ಲೇ. ಆದರೆ ಅದರ ಮೊದಲ ಬಳಕೆ ಎಂದು ಅವರು ಕೊಟ್ಟ ಉದಾಹರಣೆ 1917ರದು. ಬ್ರಿಟಿಷ್ ನೌಕಾಪಡೆಯ ವೃದ್ಧ ಅಡ್ಮಿರಲ್ ಜಾನ್ ಫಿಶರ್ ಅವರು ವಿನ್‌ಸ್ಟನ್ ಚರ್ಚಿಲ್‌ಗೆ ಬರೆದ ಪತ್ರ. ಮೊದಲ ಮಹಾಯುದ್ಧದ ನಡುವೆ ಎಪ್ಪತ್ತು ದಾಟಿದ ಅಡ್ಮಿರಲ್ ಬರೆದ ಮೂರಕ್ಷರ! ಆಡುಮಾತು ಎಂದರೆ ಹೊಸದು, ಹುಡುಗರದ್ದು, ಕೆಟ್ಟದ್ದು ಎಂದು ತಳ್ಳಿಹಾಕುವ ಹಿರಿಯರಿಗೆ ನಾನು ಈ ಪತ್ರದ ಕಥೆಯನ್ನು ಸಿಕ್ಕಲ್ಲೆಲ್ಲ ಹೇಳುತ್ತೇನೆ.

ಈಗ ಸ್ವಲ್ಪ ಕಷ್ಟದ ವಿಷಯ. ಇದು ಸರ್ಕಾರದ ಸಂಸ್ಥೆಯ ಕೆಲಸ ಎಂದೆ. 2011ರ ಆರಂಭದಲ್ಲಿ ವಾಯ್ಸ್ ಆಫ್ ಅಮೆರಿಕದ ಚೀನಿ ರೇಡಿಯೊ ಮತ್ತು ಟೀವಿ ಪ್ರಸಾರವನ್ನು ನಿಲ್ಲಿಸುವ ಪ್ರಸ್ತಾಪ ಬಂದಿತ್ತು. ಇನ್ನು ಮುಂದೆ ಇಂಟರ್‌ನೆಟ್ಟೇ ಸಾಕು ಎಂಬುದು ಆ ವಾದ. ಅಮೆರಿಕದ ಸಂಸತ್ತಿನಲ್ಲಿ ಅದಕ್ಕೆ ಜೋರು ವಿರೋಧ ಬಂತು. ಇತ್ತ ಚೀನಾದಲ್ಲಿ ಈ ಸಂಸ್ಥೆಯ ಜಾಲತಾಣಕ್ಕೆ ತಡೆ, 2009ರಿಂದ ಯೂಟ್ಯೂಬಿಗೂ ತಡೆ. ಆದ್ದರಿಂದ ಈ ಪಾಠಗಳು ಚೀನಾದ್ದೇ ಆದ ಯೋಕು, ವೇಯ್ಬೋ ತಾಣಗಳ ಮೂಲಕ ಜನರಿಗೆ ತಲುಪಿದವು. ಸುದ್ದಿಗೆ ಬೇಲಿ ಹಾಕಿದ್ದ ದೇಶದಲ್ಲಿ ಗೊಣ್ಣೆಗೆ ಬೇಲಿ ಇರಲಿಲ್ಲ. ‘ಹಾಗಾದರೆ ಇದು ಪ್ರಚಾರವಲ್ಲವೇ?’ ಎಂದು ನೀವು ಕೇಳಬಹುದು. ಹಣ ಕೊಟ್ಟವರಿಗೆ ಉದ್ದೇಶ ಇದ್ದೇ ಇತ್ತು, ಅದನ್ನು ಮುಚ್ಚಿಡಬೇಕಿಲ್ಲ. ಅಮೆರಿಕ ಎಂದರೆ ಚೀನಿ ಯುವಕರಿಗೆ ಹತ್ತಿರದ್ದು ಅನ್ನಿಸಲಿ ಎಂಬ ಲೆಕ್ಕಾಚಾರ. ಆದರೆ ಆ ಹುಡುಗಿ ಚೀನಿ ಭಾಷೆಯನ್ನು ಅಷ್ಟು ಪ್ರೀತಿಯಿಂದ ಆಡಿದ್ದು ಲೆಕ್ಕಾಚಾರದಿಂದ ಬರುವಂಥದ್ದಲ್ಲ. ನೋಡುಗರಿಗೆ ಅದು ಗೊತ್ತಾಯಿತು. ಅವರು ತಮಗೆ ಬೇಕಾದ್ದನ್ನು ತೆಗೆದುಕೊಂಡು ಉಳಿದದ್ದನ್ನು ಬಿಟ್ಟರು. ಈ ವಿಷಯದಲ್ಲಿ ನನಗೆ ನೋಡುಗರ ಬುದ್ಧಿಯ ಮೇಲೆ ಪೂರ್ತಿ ಭರವಸೆಯಿದೆ.

ಆಮೇಲೆ ಬೈನೆಕಿ ಆ ಕೆಲಸ ಬಿಟ್ಟು ದಿಕ್ಕು ತಿರುಗಿಸಿದಳು. 2013ರಲ್ಲಿ ‘ಕ್ರೇಜಿ ಫ್ರೆಶ್ ಚೈನೀಸ್’ ಎಂಬ ಸರಣಿ ಶುರುಮಾಡಿ, ಅಮೆರಿಕನ್ನರಿಗೆ ಚೀನಿಯರ ಬೀದಿಮಾತು ಕಲಿಸಲು ಹೊರಟಳು. ಇದಕ್ಕೆ ಕೈಜೋಡಿಸಿದ್ದು ಅಮೆರಿಕದ ವಿದ್ಯಾರ್ಥಿಗಳನ್ನು ಚೀನಾಕ್ಕೆ ಕಳಿಸಲೆಂದು ಹುಟ್ಟಿದ ಒಂದು ಪ್ರತಿಷ್ಠಾನ. ನನಗೆ ಇದು ಮೊದಲಿನದಕ್ಕಿಂತ ದೊಡ್ಡ ಹೆಜ್ಜೆ. ಜಗತ್ತಿನಲ್ಲಿ ಇಂಗ್ಲಿಷ್ ಕಲಿಯುವವರು ಕೋಟಿಗಟ್ಟಲೆ ಇದ್ದಾರೆ. ಇಂಗ್ಲಿಷ್ ಆಡುವವರು ತಾವೇ ಬೆಂಚಿನ ಮೇಲೆ ಕೂತು ಇನ್ನೊಬ್ಬರ ಪೋಲಿಮಾತು ಕಲಿಯುವುದು ಅಪರೂಪ.

ಹೊರಗಿನವನೊಬ್ಬ ಚೀನಿಯರನ್ನು ಚೀನಿಯಲ್ಲೇ ನಗಿಸಿದ್ದು ಇದೇ ಮೊದಲಲ್ಲ. ಚೀನಾದಲ್ಲಿ ಯಾರನ್ನು ಕೇಳಿದರೂ ಮೊದಲು ಹೇಳುವ ಹೆಸರು ದಾಶಾನ್. ಕೆನಡಾದ ಮಾರ್ಕ್ ರೋಸ್‌ವೆಲ್ 1988ರಲ್ಲಿ ಪೀಕಿಂಗ್ ವಿಶ್ವವಿದ್ಯಾಲಯಕ್ಕೆ ಓದಲು ಬಂದು, ಆಗಲೇ ಟೀವಿಯ ಒಂದು ಪ್ರಹಸನದಲ್ಲಿ ಪಾತ್ರ ಮಾಡಿದ. ರಾತ್ರಿ ತಡವಾಗಿ ಮನೆಗೆ ಬಂದು, ಬಾಗಿಲು ತೆಗೆಯೆಂದು ಹೆಂಡತಿಯನ್ನು ಗೋಗರೆಯುವ ಗಂಡನ ಪಾತ್ರ. ಆ ಪಾತ್ರದ ಹೆಸರು ದಾಶಾನ್, ಅದೇ ಅವನಿಗೆ ಅಂಟಿತು. ಆ ಹೆಸರೂ ಎಂಥದ್ದು! ದೊಡ್ಡ ಬೆಟ್ಟ ಎಂದು ಅರ್ಥ, ಹಳ್ಳಿಗನಿಗೆ ಇಡುವಂಥ ಹೆಸರು. ನಮ್ಮಲ್ಲಿ ಬಿಳಿಯನೊಬ್ಬ ಬೆಟ್ಟಪ್ಪ ಎಂದು ಹೇಳಿಕೊಂಡು ರಂಗಕ್ಕೆ ಬಂದ ಹಾಗೆ. ಬೀಜಿಂಗಿನ ಗಲ್ಲಿಮಾತನ್ನು ಹೊರದೇಶದ ಹುಡುಗನ ಬಾಯಲ್ಲಿ ಕೇಳಿ ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ಅವನು ಹಾಸ್ಯಗಾರ ಜಿಯಾಂಗ್ ಕುನ್ ಅವರ ಶಿಷ್ಯನಾಗಿ ಶಿಯಾಂಗ್‌ಶೆಂಗ್ ಎಂಬ ಜೋಡಿಮಾತಿನ ಹಾಸ್ಯಕಲೆಯನ್ನು ಸಂಪ್ರದಾಯದಂತೆ ಕಲಿತ. ಮಾತಿಗೆ ಮಾತು ಹೆಣೆದು, ಶ್ಲೇಷೆಯ ಮೇಲೆ ಶ್ಲೇಷೆ ಹಾಕುವ ಕಲೆ ಅದು. ಅಷ್ಟು ಕಷ್ಟಪಟ್ಟು ಕಲಿತದ್ದಕ್ಕೇ ಅವನ ನಗೆಗೆ ಮೂವತ್ತು ವರ್ಷ ಮೀರಿದ ಆಯುಷ್ಯ ಸಿಕ್ಕಿತು.

ಇಂಟರ್‌ನೆಟ್ ಬಂದ ಮೇಲೆ ಇಂಥವರ ಸಾಲೇ ಬಂತು. ಅನ್ನಾ ಸೋಫಿ ಲೋವೆನ್‌ಬರ್ಗ್ ಬೀಜಿಂಗಿನ ಬೀದಿಗಳಲ್ಲಿ ಮೈಕ್ ಹಿಡಿದು ಜನರನ್ನು ಮದುವೆ, ಪ್ರೀತಿಯ ಬಗ್ಗೆ ಚೀನಿಯಲ್ಲಿ ಮಾತಾಡಿಸಿದಳು. ಇಸ್ರೇಲಿನ ರಾಜ್ ಗಾಲ್-ಓರ್ ಪೀಕಿಂಗ್ ವಿಶ್ವವಿದ್ಯಾಲಯದ ಗೆಳೆಯರ ಜೊತೆ 2016ರ ಕೊನೆಯಲ್ಲಿ ‘ವಾಯ್‌ಗುವೊರೆನ್ ಸಂಶೋಧನಾ ಸಂಘ’ ಎಂದು ತಂಡ ಕಟ್ಟಿದ. ವಾಯ್‌ಗುವೊರೆನ್ ಅಂದರೆ ಪರದೇಶದವರು. ಪರದೇಶದವರು ಆ ಪದವನ್ನೇ ಹೇಗೆ ಎಡವಟ್ಟಾಗಿ ಉಚ್ಚರಿಸುತ್ತಾರೋ ಹಾಗೆಯೇ ಬೇರೆ ಅಕ್ಷರಗಳಲ್ಲಿ ಬರೆದು ಹೆಸರಿಟ್ಟುಕೊಂಡರು. ತಮಗೆ ಅಂಟಿಸಬಹುದಾಗಿದ್ದ ಗೇಲಿಯನ್ನು ತಾವೇ ಬೋರ್ಡು ಬರೆಸಿ ಬಾಗಿಲಿಗೆ ನೇತುಹಾಕಿದ ಧೈರ್ಯ ಅದು.

2024ರ ಬೇಸಿಗೆಯದು ಇನ್ನೂ ಚೆಂದ. ಪಾಲ್ ಮೈಕ್ ಆಶ್ಟನ್ ಎಂಬ ಅಮೆರಿಕನ್ ತನ್ನ ತಂಗಿಯನ್ನು ಚೀನಾ ಸುತ್ತಿಸುತ್ತ ಚುಟುಕು ವಿಡಿಯೊ ಮಾಡುತ್ತಿದ್ದ. ಹೋದ ಜಾಗದಲ್ಲೆಲ್ಲ ರಾಗ ಎಳೆದು ‘ಸಿಟಿ ಬು ಸಿಟಿ ಆ?’ ಎಂದು ಕೇಳುವುದು, ಅವಳು ‘ಹಾವ್ ಸಿಟಿ ಆ!’ ಎನ್ನುವುದು. ಚೀನಿಯಲ್ಲಿ ಪ್ರಶ್ನೆ ಕೇಳುವ ಒಂದು ಸಹಜ ಕ್ರಮವೆಂದರೆ ಪದ, ನಡುವೆ ‘ಬು’ ಎಂಬ ಇಲ್ಲ, ಮತ್ತೆ ಅದೇ ಪದ. ‘ಚೆನ್ನ-ಇಲ್ಲ-ಚೆನ್ನ?’ ಅಂದ ಹಾಗೆ. ಆ ಅಚ್ಚಿನೊಳಗೆ ಅವನು ಇಂಗ್ಲಿಷಿನ ‘ಸಿಟಿ’ಯನ್ನು ಕೂರಿಸಿದ. ‘ಇದು ಪಟ್ಟಣದ ಥಳುಕೋ ಅಲ್ಲವೋ?’ ಎಂಬಂಥ ಅರ್ಥ. ವ್ಯಾಕರಣ ಪಕ್ಕಾ ಚೀನಿ, ಪದ ಮಾತ್ರ ಹೊರಗಿನದು. ಕೆಲವೇ ದಿನಗಳಲ್ಲಿ ಚೀನಿಯರೇ ಅದನ್ನು ಆಡತೊಡಗಿದರು. ಊರಿನ ಪ್ರವಾಸೋದ್ಯಮ ಇಲಾಖೆಗಳು ‘ನಮ್ಮೂರು ಸಿಟಿ ಬು ಸಿಟಿ’ ಎಂದವು. ಆ ಜುಲೈನಲ್ಲಿ ವಿದೇಶಾಂಗ ಇಲಾಖೆಯ ವಕ್ತಾರೆ ಮಾವ್ ನಿಂಗ್ ಅವರಿಗೆ ಪತ್ರಿಕಾಗೋಷ್ಠಿಯಲ್ಲೇ ಈ ಮಾತಿನ ಬಗ್ಗೆ ಪ್ರಶ್ನೆ ಬಂತು.

ಇಲ್ಲಿ ಆದದ್ದನ್ನು ಗಮನಿಸಿ. ಅಲ್ಲಿಯವರೆಗಿನ ಸರಣಿಗಳಲ್ಲಿ ಹೊರಗಿನವನು ಒಳಗಿನವರ ಆಡುಮಾತು ಕಲಿಯುತ್ತಿದ್ದ. ಇಲ್ಲಿ ಹೊರಗಿನವನ ಅರೆಬೆಂದ ಮಾತೇ ಒಳಗಿನವರ ಆಡುಮಾತಾಯಿತು. ಭಾಷೆ ತನ್ನದು ಎಂಬ ಭರವಸೆ ಇರುವವರು ಮಾತ್ರ ಹೀಗೆ ಇನ್ನೊಬ್ಬನ ತಪ್ಪನ್ನು ಎತ್ತಿಕೊಂಡು ಮುದ್ದಾಡಬಲ್ಲರು.

ಆಡುಮಾತಿನ ಸರಣಿಗಳಿಗೆ ಒಂದು ಶಾಪವಿದೆ, ಅದನ್ನು ಬೇಗ ಹೇಳಿ ಮುಗಿಸುತ್ತೇನೆ: ಅವು ಬೇಗ ಹಳಸುತ್ತವೆ. 2010ರಲ್ಲಿ ಚೀನಾದ ಇಂಟರ್‌ನೆಟ್ಟಿನಲ್ಲಿ ‘ಗೇಯ್‌ಲೀ’ ಎಂಬ ಪದ ಮೆರೆಯಿತು, ಸಖತ್ ಅನ್ನುವ ಅರ್ಥದಲ್ಲಿ. ಆ ವರ್ಷ ನವೆಂಬರ್ 10ರಂದು ಆಳುವ ಕಮ್ಯುನಿಸ್ಟ್ ಪಕ್ಷದ ಮುಖವಾಣಿ ಪೀಪಲ್ಸ್ ಡೇಲಿ ಅದನ್ನು ಮುಖಪುಟದ ತಲೆಬರಹದಲ್ಲಿ ಬಳಸಿದಾಗ ದೇಶವೇ ಬೆರಗಾಯಿತು. ಈಗ ಅದನ್ನು ಆಡಿದರೆ ವಯಸ್ಸು ಗೊತ್ತಾಗಿಬಿಡುತ್ತದೆ.

ಇನ್ನು ನನ್ನನ್ನು ನಿಜಕ್ಕೂ ಕಾಡುವ ವಿಷಯ. ಈ ಸರಣಿಗಳಲ್ಲಿ ಮುದ್ದಿಸಿಕೊಂಡವರನ್ನು ಒಮ್ಮೆ ಸಾಲಾಗಿ ನಿಲ್ಲಿಸಿ. ಹೆಚ್ಚಿನವರು ಬಿಳಿಯರು, ಓದಿದವರು, ಬೇಕೆಂದಾಗ ಊರಿಗೆ ಮರಳಬಲ್ಲವರು. ದಕ್ಷಿಣ ಚೀನಾದ ಗುವಾಂಗ್‌ಝೌ ನಗರದಲ್ಲಿ ಆಫ್ರಿಕದ ವ್ಯಾಪಾರಿಗಳು ವರ್ಷಗಟ್ಟಲೆ ಇದ್ದಾರೆ, ಸಗಟು ಮಾರುಕಟ್ಟೆಯಲ್ಲಿ ಚೌಕಾಸಿಯ ಮಾತನ್ನು ಸ್ಥಳೀಯರಷ್ಟೇ ಚುರುಕಾಗಿ ಆಡುವವರು ಅವರಲ್ಲಿದ್ದಾರೆ. ಅವರಿಗೆ ಈ ಚಪ್ಪಾಳೆ ಬೀಳಲಿಲ್ಲ. ಅಮೆರಿಕದಲ್ಲಿ ಹೋಟೆಲು, ಲಾಂಡ್ರಿ ನಡೆಸಿದ ಚೀನಿ ವಲಸೆಗಾರರು ಇಂಗ್ಲಿಷಿನಲ್ಲಿ ಎಡವಿದಾಗ ಸಿಕ್ಕಿದ್ದು ಅಣಕ. ತಪ್ಪು ಅದೇ, ನಗುವಿನ ಬಣ್ಣ ಬೇರೆ. ಬಲವಿರುವವನು ಎಡವಿದರೆ ಮುದ್ದು, ಹೊಟ್ಟೆಪಾಡಿಗೆ ಬಂದವನು ಎಡವಿದರೆ ಗೇಲಿ.

ನಮ್ಮಲ್ಲೂ ಇದನ್ನು ನೋಡುತ್ತೇವೆ. ಬೆಂಗಳೂರಿನಲ್ಲಿ ವಿದೇಶಿಯೊಬ್ಬ ‘ಸಕ್ಕತ್ತಾಗಿದೆ ಗುರು’ ಎಂದ ವಿಡಿಯೊ ಬಂದರೆ ನಾವು ಒಬ್ಬರಿಗೊಬ್ಬರು ಕಳಿಸಿಕೊಂಡು ಹಿಗ್ಗುತ್ತೇವೆ. ಹಿಗ್ಗೋಣ, ಅದರಲ್ಲಿ ತಪ್ಪೇನಿಲ್ಲ. ಕಟ್ಟಡದ ಕೆಲಸಕ್ಕೆ ಬಿಹಾರ, ಒಡಿಶಾಗಳಿಂದ ಬಂದ ಹುಡುಗರು ಮೇಸ್ತ್ರಿಯ ಬಾಯಿಂದ, ಟೀ ಅಂಗಡಿಯಿಂದ ಎಷ್ಟು ಕನ್ನಡ ಹೆಕ್ಕಿಕೊಂಡಿದ್ದಾರೆ ಗೊತ್ತೇ? ‘ಏನ್ ಮಗಾ’, ‘ಸುಮ್ನೆ ಇರೋ’, ‘ಒಂದ್ ನಿಮಿಷ ಸಾರ್, ಬಂದೆ’. ಆ ಮಾತಿನಲ್ಲಿ ಲಯವಿದೆ, ಸಲಿಗೆಯಿದೆ, ಒಳ್ಳೆಯ ಹಾಸ್ಯವೂ ಇದೆ. ಕನ್ನಡದಲ್ಲಿ ಇಂಥದೊಂದು ಸರಣಿ ಮಾಡುವವರು ಯಾರಾದರೂ ಇಲ್ಲಿದ್ದರೆ, ದಯವಿಟ್ಟು ಅಲ್ಲಿಂದ ಶುರುಮಾಡಿ. ಅವರನ್ನು ನೋಡಿ ನಗುವ ಸರಣಿ ಬೇಡ. ಬೈನೆಕಿಯ ಪಾಠದ ಹಾಗೆ ಆ ಹುಡುಗನಿಂದ ನಾವು ನಾಲ್ಕು ಭೋಜಪುರಿ ಮಾತು ಕಲಿಯುತ್ತ ಎಡವಬೇಕು, ಅವನು ನಮ್ಮನ್ನು ನೋಡಿ ನಗಬೇಕು.

ಕೊನೆಯ ಉದಾಹರಣೆಗೆ ಯಾರೂ ಚಿತ್ರಕಥೆ ಬರೆದಿರಲಿಲ್ಲ. 2025ರ ಜನವರಿಯಲ್ಲಿ ಅಮೆರಿಕದಲ್ಲಿ ಟಿಕ್‌ಟಾಕ್ ನಿಂತೇಹೋಗುತ್ತದೆ ಎನ್ನುವ ದಿನಗಳಲ್ಲಿ ಅದರ ಬಳಕೆದಾರರು ಗುಂಪುಗುಂಪಾಗಿ ಚೀನಾದ ಶಿಯಾವೊಹೋಂಗ್‌ಶು ಎಂಬ ಆ್ಯಪ್‌ಗೆ ನುಗ್ಗಿದರು. ಚೀನಿ ಬಾರದವರು, ದಾರಿ ತಿಳಿಯದವರು. ಅಲ್ಲಿದ್ದ ಚೀನಿಯರು ‘ಬಂದದ್ದಕ್ಕೆ ತೆರಿಗೆ ಕಟ್ಟಿ, ನಿಮ್ಮ ಬೆಕ್ಕಿನ ಫೋಟೊ ಹಾಕಿ’ ಎಂದರು. ಮಕ್ಕಳು ಇಂಗ್ಲಿಷ್ ಹೋಂವರ್ಕ್ ತಂದು ಮುಂದಿಟ್ಟರು. ಅಮೆರಿಕನ್ನರು ಬೀದಿಮಾತಿನ ಅರ್ಥ ಕೇಳಿ ಕೇಳಿ ಕಲಿತರು.

ಆಗ ಲೀ ಹುವಾನ ವಿಷಯ ಬಂತು. ಚೀನಾದ ಇಂಗ್ಲಿಷ್ ಪರೀಕ್ಷೆಗಳಲ್ಲಿ ದಶಕಗಳಿಂದ ಒಂದೇ ಬಗೆಯ ಪ್ರಶ್ನೆ ಇರುತ್ತದೆ: ‘ನೀನು ಲೀ ಹುವಾ ಎಂದು ತಿಳಿದು, ನಿನ್ನ ವಿದೇಶಿ ಗೆಳೆಯನಿಗೆ ಪತ್ರ ಬರೆ.’ ಕೋಟ್ಯಂತರ ಮಕ್ಕಳು ಲೀ ಹುವಾ ಆಗಿ ಪತ್ರ ಬರೆದಿದ್ದಾರೆ, ಉತ್ತರ ಯಾವತ್ತೂ ಬಂದಿಲ್ಲ. ಇದು ತಿಳಿದ ಅಮೆರಿಕನ್ನರು ಆ ಆ್ಯಪಿನಲ್ಲಿ ಲೀ ಹುವಾಗೆ ಉತ್ತರ ಬರೆಯತೊಡಗಿದರು. ತಡವಾಯಿತು, ಕ್ಷಮಿಸು, ನಿನ್ನ ಪತ್ರಗಳು ನಮಗೆ ತಲುಪಿರಲಿಲ್ಲ ಎಂದು. ಅದನ್ನು ಓದಿ ಎಷ್ಟೋ ಚೀನಿಯರು ಅತ್ತರು. ಪಠ್ಯಪುಸ್ತಕದ ಇಂಗ್ಲಿಷಿಗೂ ಗೆಳೆತನ ಸಾಧ್ಯ ಎಂದು ನನಗೆ ತೋರಿಸಿಕೊಟ್ಟದ್ದು ಈ ಘಟನೆ. ಅದೇ ವರ್ಷ ಮಾರ್ಚ್‌ನಲ್ಲಿ ಬಂದ ಸರ್ಕಾರಿ ಆದೇಶದ ಬೆನ್ನಿಗೆ ವಾಯ್ಸ್ ಆಫ್ ಅಮೆರಿಕದ ಬಹುಪಾಲು ಸಿಬ್ಬಂದಿಯನ್ನು ರಜೆಯ ಮೇಲೆ ಮನೆಗೆ ಕಳಿಸಲಾಯಿತು ಎಂಬುದನ್ನೂ ಇಲ್ಲೇ ಹೇಳಬೇಕು. ನನಗೆ ಅದು ದುಃಖದ ಸುದ್ದಿ.

ಉಪನ್ಯಾಸದ ನಂತರ ಸಭಿಕರೊಬ್ಬರು ಕೇಳಿದರು: ಆಡುಮಾತು ಕಲಿಸುವಾಗ ಬೈಗುಳವನ್ನೂ ಕಲಿಸಬೇಕೇ?

ಕಿವಿಗೆ ಬಿದ್ದಾಗ ಅರ್ಥವಾಗುವಷ್ಟು ಖಂಡಿತ ಕಲಿಸಬೇಕು. ಚೀನಿಯಲ್ಲಿ ‘ದ್ಯಾವ್‌ಸೀ’ ಎಂಬ ಪದವಿದೆ, ಬಿಡಿಸಿ ಹೇಳಿದರೆ ಸಭೆಗೆ ಸಲ್ಲದು. 2012ರ ಸುಮಾರಿಗೆ ಲಕ್ಷಾಂತರ ಹುಡುಗರು ತಮ್ಮನ್ನು ತಾವೇ ಹಾಗೆ ಕರೆದುಕೊಂಡರು: ದುಡ್ಡಿಲ್ಲದವರು, ರೂಪವಿಲ್ಲದವರು, ಬೆನ್ನಿಗೆ ಯಾರೂ ಇಲ್ಲದವರು ಎಂಬ ಅರ್ಥದಲ್ಲಿ. ಸಿನಿಮಾ ನಿರ್ದೇಶಕ ಫೆಂಗ್ ಶಿಯಾವೊಗಾಂಗ್ 2015ರಲ್ಲಿ ಇದರ ಮೇಲೆ ಹರಿಹಾಯ್ದರು, ಇದು ತಮ್ಮನ್ನು ತಾವೇ ಹೀಗಳೆದುಕೊಳ್ಳುವುದು ಎಂದರು. ಹುಡುಗರು ಬಿಡಲಿಲ್ಲ. ಪರದೇಶದವನೊಬ್ಬ ಈ ಪದವನ್ನು ನಿಘಂಟಿನಲ್ಲಿ ನೋಡಿ ‘ಸೋತವನು’ ಎಂದು ಬರೆದುಕೊಂಡು, ಮರುದಿನ ಆಫೀಸಿನಲ್ಲಿ ಯಾರಿಗಾದರೂ ಹಾಗೆ ಅಂದರೆ ಅದು ಬೈಗುಳವೇ ಆಗುತ್ತದೆ. ಆದ್ದರಿಂದ ಸರಣಿ ಮಾಡುವವರು ಇಂಥ ಪದಕ್ಕೆ ಅರ್ಥದ ಜೊತೆ ಎರಡು ದೃಶ್ಯ ತೋರಿಸಬೇಕು: ಒಬ್ಬ ತನಗೆ ತಾನೇ ಅಂದುಕೊಂಡಾಗ ಗೆಳೆಯರು ನಗುವ ದೃಶ್ಯ, ಅದನ್ನೇ ಇನ್ನೊಬ್ಬನಿಗೆ ಅಂದಾಗ ಮಾತು ನಿಂತುಹೋಗುವ ದೃಶ್ಯ. ಅಷ್ಟು ಕಲಿಸಿದರೆ ಸಾಕು, ಯಾರಿಗೆ ಯಾವಾಗ ಅನ್ನಬಹುದು ಎಂಬುದನ್ನು ಅಲ್ಲಿನ ಗೆಳೆಯರು ಹೇಳಿಕೊಡುತ್ತಾರೆ.